ಎರಡು ಮನಸ್ಸಿನವನ ಕೈಗೆ ಬ್ರೋಷರ್

ಚಾಕಣದ ಅಂಬೇಠಾಣ ಚೌಕದಲ್ಲಿ ಶುಕ್ರವಾರ ಸಂಜೆ ಸಿಕ್ಕಿಹಾಕಿಕೊಂಡರೆ ಅರ್ಧ ಗಂಟೆ ಅಲ್ಲೇ ಕಳೆಯುತ್ತದೆ. ಎಡಬಲಕ್ಕೆ ವಾಹನಗಳ ಬಿಡಿಭಾಗ ಹೊತ್ತ ಟ್ರೇಲರ್‌ಗಳು, ತಲೆಯ ಮೇಲೆ ಫ್ಲ್ಯಾಟ್‌ಗಳ ಹೋರ್ಡಿಂಗು. ಇಲ್ಲಿನ ಕಾರ್ಖಾನೆಯೊಂದಕ್ಕೆ ಸಾಫ್ಟ್‌ವೇರ್ ಬರೆಯುವ ನಾನು ಏಳು ವರ್ಷದಿಂದ ಈ ಹೋರ್ಡಿಂಗುಗಳನ್ನು ಓದುತ್ತಲೇ ಬಂದವನು. ಈ ಸಲ ಯುಗಾದಿಗೆ, ಅಂದರೆ ಇಲ್ಲಿಯವರ ಗುಡಿ ಪಾಡ್ವಾಕ್ಕೆ ಮುಂಚೆ, ಅವುಗಳಲ್ಲೊಂದು ಮನಸ್ಸಿನೊಳಗೆ ಇಳಿಯಿತು. ಪಾಡ್ವಾಕ್ಕೆ ಬುಕ್ಕಿಂಗ್, ದೀಪಾವಳಿಗೆ ಕೀಲಿಕೈ.

ನನಗೆ ಮನೆ ಬೇಕಾಗಿತ್ತು, ಬೇಡವೂ ಆಗಿತ್ತು. ಹನ್ನೊಂದು ತಿಂಗಳಿಗೊಮ್ಮೆ ಬಾಡಿಗೆ ಕರಾರು ಹೊಸದು ಮಾಡಿಸಿ ಹೆಂಡತಿಗೆ ಸಾಕಾಗಿದೆ. ಒಂದನೇ ತರಗತಿಯ ಮಗಳಿಗೆ ಗೆಳತಿಯರೆಲ್ಲ ಇಲ್ಲಿಯವರೇ. ಆದರೆ ವಿಜಯಪುರದ ಹತ್ತಿರದ ನಮ್ಮ ಊರಿನಲ್ಲಿ ಅಪ್ಪ ಒಬ್ಬರೇ ಹೊಲ ನೋಡಿಕೊಂಡಿದ್ದಾರೆ. ಇಲ್ಲಿ 20 ವರ್ಷದ ಸಾಲ ಶುರುವಾದರೆ ಊರಿಗೆ ಮರಳುವ ಮಾತು ಅಲ್ಲಿಗೆ ಮುಗಿದಂತೆಯೇ. ಈ ಮಾತನ್ನು ನಾವಿಬ್ಬರೂ ಮನೆಯಲ್ಲಿ ಬಾಯಿಬಿಟ್ಟು ಆಡಿಲ್ಲ.

ಮನಸ್ಸು ಎರಡಾದಾಗ ಓದುವುದು ನನ್ನ ಚಟ, ಎಂ.ಟೆಕ್. ಮಾಡಿದ್ದರಿಂದ ಬಂದದ್ದಿರಬೇಕು. ಬ್ರೋಷರನ್ನು ಎರಡು ಸಲ ಓದಿದೆ. ಬಾಡಿಗೆ ಮತ್ತು ಕಂತು ಹೋಲಿಸುವ ಎಕ್ಸೆಲ್ ಹಾಳೆ ಮಾಡಿದೆ. ಈ ಪರಿಸರದ ಬೆಲೆ ಏರುತ್ತದೆ ಎನ್ನುವ ಹದಿನಾಲ್ಕು ವಿಡಿಯೋ ನೋಡಿದೆ. ಇಷ್ಟು ಯೋಚಿಸುವವನು ಮೋಸಹೋಗಲಾರ ಎಂದು ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಗೆ ಆಧಾರವೂ ಸಿಕ್ಕಿತು. 1996ರಲ್ಲಿ ಗ್ರೆಗರಿ ಮೈಯೊ, ಡೇವಿಡ್ ಬೆಲ್, ವಿಕ್ಟೋರಿಯಾ ಎಸ್ಸೆಸ್ ಎಂಬ ಮನೋವಿಜ್ಞಾನಿಗಳು ಕೆನಡಾದಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹಾಂಗ್‌ಕಾಂಗ್‌ನಿಂದ ಜನ ವಲಸೆ ಬರುವುದು ಒಳ್ಳೆಯದೆಂದು ವಾದಿಸುವ ಬರಹವನ್ನು ಓದಲು ಕೊಟ್ಟರು. ಕೆಲವರಿಗೆ ಗಟ್ಟಿ ವಾದ, ಕೆಲವರಿಗೆ ಜಳ್ಳು. ಆ ವಲಸಿಗರ ಬಗ್ಗೆ ಇಬ್ಬಗೆಯ ಭಾವನೆ ಇದ್ದವರೇ ಗಟ್ಟಿ ಯಾವುದು, ಜಳ್ಳು ಯಾವುದು ಎಂಬುದಕ್ಕೆ ಹೆಚ್ಚು ಸ್ಪಂದಿಸಿದರು. ಎರಡು ಮನಸ್ಸಿನವರು ತೂಗಿ ನೋಡುತ್ತಾರೆ ಎಂದಾಯಿತಲ್ಲ! ನಾನೂ ವಲಸಿಗನೇ ಆದ್ದರಿಂದ ಈ ಪ್ರಯೋಗ ಇನ್ನಷ್ಟು ಇಷ್ಟವಾಯಿತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಸುಖವಾಗಿರುತ್ತಿದ್ದೆ. 2008ರಲ್ಲಿ ಜೇಸನ್ ಕ್ಲಾರ್ಕ್ ಮತ್ತು ಸಂಗಡಿಗರು ಇನ್ನೊಂದು ಪ್ರಶ್ನೆ ಹಾಕಿಕೊಂಡಿದ್ದರು: ಅವರು ಯಾವುದನ್ನು ತೂಗುತ್ತಾರೆ? ಉತ್ತರ ಓದಿ ಮುಖಕ್ಕೆ ನೀರು ಎರಚಿದಂತಾಯಿತು. ಇಬ್ಬಂದಿಯಲ್ಲಿರುವವರು ತಾವು ಆಗಲೇ ವಾಲಿರುವ ಕಡೆಯ ಮಾತನ್ನು ಹೆಚ್ಚು ಗಮನವಿಟ್ಟು ಓದುತ್ತಾರೆ, ಎದುರು ಮಾತನ್ನು ಅಷ್ಟು ಆಳಕ್ಕೆ ಹೋಗದೆ ದಾಟಿಬಿಡುತ್ತಾರೆ. ಒಳಗಿನ ಕಿರಿಕಿರಿ ಕಡಿಮೆಯಾದರೆ ಸಾಕಾಗಿರುತ್ತದೆ. ಎದುರು ಮಾತು ಅದನ್ನು ಹೆಚ್ಚಿಸುತ್ತದೆ.

ಆಫೀಸಿನಲ್ಲಿ ಹುಡುಗರು ಪಾಸಾಗುವಂಥ ಟೆಸ್ಟ್ ಕೇಸ್‌ಗಳನ್ನೇ ಬರೆದು ತಂದರೆ ಬೈಯುವವನು ನಾನು. ಹದಿನಾಲ್ಕು ವಿಡಿಯೋಗಳಲ್ಲಿ ಕೊಳ್ಳಬೇಡ ಎನ್ನುವುದು ಒಂದೂ ಇರಲಿಲ್ಲ.

ಬ್ರೋಷರಿನ ಮೂಲೆಯಲ್ಲಿ ಕ್ಯೂಆರ್ ಕೋಡ್ ಇತ್ತು. ಮಹಾರಾಷ್ಟ್ರದಲ್ಲಿ 2023ರ ಆಗಸ್ಟ್‌ನಿಂದ ರೇರಾ ನೋಂದಣಿಯಿರುವ ವಸತಿ ಯೋಜನೆಗಳ ಜಾಹೀರಾತಿನಲ್ಲಿ ಅದು ಇರಲೇಬೇಕು. ಎರಡು ಸಲ ಓದಿದ ನಾನು ಅದರ ಕಡೆ ಒಮ್ಮೆಯೂ ಫೋನು ಹಿಡಿದಿರಲಿಲ್ಲ. ಈಗ ಹಿಡಿದೆ. ಮಹಾರೇರಾದ ಪುಟದಲ್ಲಿ ಯೋಜನೆ ಮುಗಿಯುವ ದಿನಾಂಕ ದೀಪಾವಳಿಯಿಂದ ಹದಿನಾಲ್ಕು ತಿಂಗಳು ಆಚೆಗಿತ್ತು.

ವಾಟ್ಸಾಪ್‌ನಲ್ಲಿ ಅಪ್ಪ ಕಳಿಸಿದ ನಾಲ್ಕು ನಿಮಿಷದ ಧ್ವನಿ ಸಂದೇಶವೂ ಒಂಬತ್ತು ದಿನದಿಂದ ಹಾಗೇ ಇತ್ತು. ಏನಿರುತ್ತದೆ ಎಂದು ಗೊತ್ತು ಅಂದುಕೊಂಡಿದ್ದೆ: ಹೊಲ, ಒಂಟಿತನ, ನೀ ಯಾವಾಗ ಬರ್ತಿ. ಆ ರಾತ್ರಿ ಬಾಲ್ಕನಿಯಲ್ಲಿ ನಿಂತು ಕೇಳಿದೆ.

"ತಮ್ಮಾ, ಮನಿ ತಗೋಬ್ಯಾಡ ಅನ್ನಾಂವ ಅಲ್ಲ ನಾ. ಹುಡುಗಿ ಸಾಲಿ ಅಲ್ಲೇ ಅದ, ತಗೋ. ಆದ್ರ ನೀರು ಎಲ್ಲಿಂದ ಬರ್ತದ ಅಂತ ಕೇಳಿಯೇನು? ನಮ್ಮ ಹೊಲದಾಗ ಎರಡು ಬೋರು ಫೇಲಾದದ್ದು ನಿನಗ ಗೊತ್ತದ." ಉಳಿದ ಮೂರು ನಿಮಿಷ ಜೋಳದ ರಾಶಿ, ಎಮ್ಮೆಯ ಸುದ್ದಿ. ಬಾ ಎಂದು ಒಂದು ಮಾತೂ ಇಲ್ಲ. ಅದನ್ನು ಕೇಳಿದ ಮೇಲೆ ತುಸು ಹೊತ್ತು ಒಳಗೆ ಹೋಗಲಾಗಲಿಲ್ಲ.

ಶನಿವಾರ ಸೇಲ್ಸ್ ಆಫೀಸಿನಲ್ಲಿ ನೀರಿನ ಪ್ರಶ್ನೆ ಕೇಳಿದೆ. ಹುಡುಗ ಚುರುಕಿನವನು, ನಗುತ್ತಲೇ ಈಜುಕೊಳದ ಚಿತ್ರವಿದ್ದ ಪುಟ ತೆರೆದ. ಮತ್ತೊಮ್ಮೆ ಕೇಳಿದಾಗ "ಸದ್ಯಕ್ಕೆ ಟ್ಯಾಂಕರ್, ಸರ್" ಎಂದ. ಪಾಡ್ವಾ ಆಫರನ್ನು ನನಗೋಸ್ಕರ ಇನ್ನೆಂಟು ದಿನ ಮುಂದುವರಿಸುತ್ತಾನಂತೆ.

ಅದೇ ಬಿಲ್ಡರ್‌ನ ಹಳೆಯ ಕಟ್ಟಡವೊಂದು ಎರಡು ಓಣಿ ಆಚೆಗಿದೆ. ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ಬರುತ್ತದೆಂದು ಅಲ್ಲಿನ ವಾಚ್‌ಮನ್ ಹೇಳಿದ್ದಾನೆ. ನಾಳೆ ನಾನೂ ಹೆಂಡತಿಯೂ ಆ ಹೊತ್ತಿಗೆ ಹೋಗಿ, ಕೊಡ ಹಿಡಿದು ಇಳಿಯುವವರನ್ನು ಮಾತಾಡಿಸಿ ಬರುತ್ತೇವೆ. ಅಪ್ಪನಿಗೆ ಉತ್ತರ ಅದಾದ ಮೇಲೆ.