ಇಂಟರ್‌ವ್ಯೂ ಅಂಗಿಯ ಇಸ್ತ್ರಿ ಮಾಲೂರು ದಾಟುವವರೆಗೆ

ಕೆಲಸ ಹುಡುಕುವ ಯುವಕರ ಬಳಿ ಈಗ ಎರಡು ಬಗೆಯ ಉಡುಪು ಇರಲೇಬೇಕು. ನಿಗಮ, ಮಂಡಳಿಗಳ ನೇಮಕಾತಿ ಪರೀಕ್ಷೆಯಲ್ಲಿ 2023ರ ಅಕ್ಟೋಬರ್‌ನಲ್ಲಿ ಬ್ಲೂಟೂತ್ ಅಕ್ರಮ ಬಯಲಾಯಿತಲ್ಲ, ಅದಾದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ವಸ್ತ್ರಸಂಹಿತೆ ಹೊರಡಿಸಿತು. ಗಂಡಸರಿಗೆ ಅರ್ಧತೋಳಿನ ಅಂಗಿ, ಶೂ ಬದಲು ತೆಳು ಅಟ್ಟೆಯ ಚಪ್ಪಲಿ. ಹೆಂಗಸರಿಗೆ ಮಂಗಳಸೂತ್ರ, ಕಾಲುಂಗುರ ಬಿಟ್ಟು ಬೇರೆ ಒಡವೆ ಇಲ್ಲ. ಅದೇ ಹುಡುಗ ಮುಂದಿನ ವಾರ ಖಾಸಗಿ ಕಂಪನಿಯ ಇಂಟರ್‌ವ್ಯೂಗೆ ಹೊರಟರೆ ಎಲ್ಲ ತಿರುವುಮುರುವು: ತುಂಬುತೋಳು, ಇನ್‌ಶರ್ಟ್, ಪಾಲಿಶ್ ಹಾಕಿದ ಶೂ.

ಕೋಲಾರದ ಕಡೆಯವರಿಗೆ ಇಷ್ಟಕ್ಕೇ ಮುಗಿಯುವುದಿಲ್ಲ. ಇಲ್ಲಿಂದ ಕೆಲಸಕ್ಕೆ ಹೋಗುವ ದಾರಿ ಎರಡು. ಒಂದು, ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ. ಇನ್ನೊಂದು, ಬೆಂಗಳೂರಿನ ಆಫೀಸುಗಳಿಗೆ. ಎರಡಕ್ಕೂ ಒಂದೇ ವೇಷ ಹೊಂದುವುದಿಲ್ಲ.

ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಲ್ಲಿ ಶುರುವಾಯಿತು. ಹೋಂಡಾ ಕಾರ್ಖಾನೆಗಳಲ್ಲಿ ಬಿಳಿ ಸಮವಸ್ತ್ರ ಹಳೆಯ ಪದ್ಧತಿ. ಬಿಳಿಯ ಮೇಲೆ ಕೊಳೆ ತಕ್ಷಣ ಕಾಣುತ್ತದೆ, ಹಾಗಾಗಿ ಕೆಲಸದ ಜಾಗವೂ ಚೊಕ್ಕಟವಾಗಿರುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಗಾಡಿಯ ಬಣ್ಣಕ್ಕೆ ಗೀರು ಬೀಳಬಾರದೆಂದು ಗುಂಡಿಗಳನ್ನೂ ಬೆಲ್ಟಿನ ಬಕಲನ್ನೂ ಹೊರಗೆ ಕಾಣದಂತೆ ಮರೆಮಾಡುವ ಕ್ರಮವೂ ಇದೆ. ಇಂಥ ಕಡೆ ಕೆಲಸ ಕೇಳಲು ಹೋಗುವ ಐಟಿಐ ಹುಡುಗ ಅಂಗೈಯಗಲದ ಬಕಲ್, ಕೈಗೆ ಕಡಗ, ಕತ್ತಿಗೆ ದಪ್ಪ ಚೈನು ಹಾಕಿಕೊಂಡು ಕುಳಿತರೆ, ಯಂತ್ರದ ಪಕ್ಕದ ಕೆಲಸದ ಅಂದಾಜೇ ಇವನಿಗಿಲ್ಲ ಎಂದು ಎದುರಿಗಿದ್ದವರು ಎಣಿಸಿದರೆ ತಪ್ಪಲ್ಲ. ಅವನಿಗೆ ಟೈ ಬೇಕಿಲ್ಲ. ಒಗೆದ ಅಂಗಿ, ಕತ್ತರಿಸಿದ ಉಗುರು, ಮುಚ್ಚಿದ ಶೂ ಇದ್ದರೆ ಆಯಿತು.

ಅಲ್ಲೇ ನರಸಾಪುರದಲ್ಲಿ ವಿಸ್ಟ್ರಾನ್ ನಡೆಸುತ್ತಿದ್ದು 2023ರಲ್ಲಿ ಟಾಟಾ ಕೊಂಡುಕೊಂಡ ಐಫೋನ್ ಘಟಕವಿದೆ. ಎಲೆಕ್ಟ್ರಾನಿಕ್ಸ್ ಜೋಡಣೆಯಲ್ಲಿ ಮೈಯ ಸ್ಥಿರ ವಿದ್ಯುತ್ತು ಚಿಪ್ಪನ್ನು ಸುಟ್ಟುಬಿಡಬಹುದು. ಅದಕ್ಕೇ ಅಂಥ ಕಡೆ ವಿಶೇಷ ಮೇಲಂಗಿ ತೊಡುತ್ತಾರೆ, ಕೂದಲು ಕಟ್ಟಿ ಟೋಪಿಯೊಳಗೆ ಸೇರಿಸುತ್ತಾರೆ. ಇಂಥ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು ಇಂಟರ್‌ವ್ಯೂಗೆಂದೇ ಪ್ಯಾಂಟು, ಕೋಟು ಹೊಲಿಸಬೇಕಾಗಿಲ್ಲ. ದುಪ್ಪಟ್ಟಕ್ಕೆ ಪಿನ್ ಹಾಕಿದ ಸಾದಾ ಚೂಡಿದಾರ್, ಬಿಗಿಯಾಗಿ ಕಟ್ಟಿದ ಜಡೆ ಧಾರಾಳ ಸಾಕು. ಖಾಸಗಿ ಶಾಲೆಯ ಮೇಷ್ಟರಿಕೆಗಾದರೆ ಸೀರೆ ಉಟ್ಟು ಹೋಗುವುದು ವಾಡಿಕೆ. ಗಂಜಿ ಹಾಕಿದ ಕಾಟನ್ ಸೀರೆಗೆ ಮರ್ಯಾದೆ ಜಾಸ್ತಿ.

ಆಫೀಸಿನ ಕೆಲಸಕ್ಕೆ ತಿಳಿಬಣ್ಣದ ಅಂಗಿ, ಗಾಢ ಬಣ್ಣದ ಪ್ಯಾಂಟು ಎಂಬ ಮಾತು ಎಲ್ಲರಿಗೂ ಗೊತ್ತು. ಎಡವುವುದು ಅಳತೆಯಲ್ಲಿ. ಅಂಗಿಯ ಭುಜದ ಹೊಲಿಗೆ ಭುಜದ ಮೂಳೆಯ ತುದಿಗೇ ಬರಬೇಕು, ತೋಳು ಮಣಿಕಟ್ಟಿಗೆ ನಿಲ್ಲಬೇಕು. ಅಣ್ಣನ ಅಂಗಿಯಾದರೂ ಚಿಂತೆಯಿಲ್ಲ, ಊರಿನ ಟೈಲರ್ ಹತ್ತಿರ ಆಲ್ಟರ್ ಮಾಡಿಸಿದರೆ ನಡೆಯುತ್ತದೆ. ಹೊಸ ಅಂಗಿಯನ್ನು ಡಬ್ಬದಿಂದ ತೆಗೆದು ಹಾಗೇ ಹಾಕಿಕೊಂಡರೆ ಎದೆಯ ಮೇಲೆ ಚೌಕಚೌಕ ಮಡಿಕೆಗೆರೆ ಎದ್ದು ಕಾಣುತ್ತದೆ, ಕಾಲರಿನ ಕೆಳಗೆ ಮರೆತ ಗುಂಡುಪಿನ್ನೂ ಸಿಕ್ಕೀತು. ಒಮ್ಮೆ ಒಗೆದು ಇಸ್ತ್ರಿ ಮಾಡಿಸುವುದೇ ಮೇಲು.

ಆದರೆ ಆ ಇಸ್ತ್ರಿ ಉಳಿಯಬೇಕಲ್ಲ! ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿದ ಮೇಲೆ ಅಲ್ಲಿನವರ ಅನ್ನದ ದಾರಿ ಬೆಂಗಳೂರಿನ ರೈಲೇ ಆಯಿತು. ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಬರುವ ಗಾಡಿ ಬಂಗಾರಪೇಟೆ, ಟೇಕಲ್ ದಾಟಿ ಮಾಲೂರು ತಲುಪುವಷ್ಟರಲ್ಲಿ ನಿಲ್ಲಲು ಜಾಗ ಸಿಕ್ಕಿದರೆ ಪುಣ್ಯ. ವೈಟ್‌ಫೀಲ್ಡ್‌ನಲ್ಲಿ ಇಳಿಯುವಾಗ ಅಂಗಿ ಹಿಂಡಿದ ನಿಂಬೆಹೋಳು. ಮುಳಬಾಗಿಲಿನಿಂದ ಬಸ್ಸಿನಲ್ಲಿ ಬರುವವರಿಗೂ ನೂರು ಕಿಲೋಮೀಟರಿನ ಆಸುಪಾಸಿನ ಬೆವರು ತಪ್ಪಿದ್ದಲ್ಲ. ರೂಢಿಯಾದವರ ಉಪಾಯ ಸರಳ: ಟೀ ಶರ್ಟಿನಲ್ಲಿ ಹೊರಡುವುದು, ಅಂಗಿಯನ್ನು ಪೇಪರಿನಲ್ಲಿ ಮಡಿಸಿ ಫೈಲಿನ ಜೊತೆ ಬ್ಯಾಗಿನಲ್ಲಿ ಇಡುವುದು, ಇಳಿದ ಮೇಲೆ ಮುಖ ತೊಳೆದು ಬದಲಾಯಿಸುವುದು. ಶೂ ಒರೆಸಲು ಒಂದು ಹಳೆ ಬಟ್ಟೆ. ಅಪ್ಪಟ ಕಾಟನ್‌ಗಿಂತ ಮಿಶ್ರ ನೂಲಿನ ಅಂಗಿ ಕಡಿಮೆ ಸುಕ್ಕಾಗುತ್ತದೆ.

ಶ್ರೀನಿವಾಸಪುರದವರಿಗೆ ಇನ್ನೊಂದು ಎಚ್ಚರಿಕೆ. ಕಾಲೇಜು ಮುಗಿದು ಇಂಟರ್‌ವ್ಯೂ ಕರೆ ಬರುವ ಮೇ, ಜೂನ್ ತಿಂಗಳಲ್ಲೇ ಅಲ್ಲಿ ಮಾವಿನ ಸುಗ್ಗಿ. ಮಾವಿನ ಸೊನೆ ಬಟ್ಟೆಗೆ ತಾಗಿದರೆ ಕಪ್ಪಗಾಗಿ ಕೂರುತ್ತದೆ, ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಇಂಟರ್‌ವ್ಯೂ ಅಂಗಿ ತೋಟದ ಕಡೆ ಸುಳಿಯದಿರಲಿ.

ಬಟ್ಟೆಗೆ ಇಷ್ಟು ಮಹತ್ವ ಯಾಕೆ ಎಂದು ಕೇಳುವವರಿದ್ದಾರೆ, ಕೇಳಬೇಕಾದ್ದೇ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತುಸು ಸಿರಿವಂತಿಕೆಯ ಬಟ್ಟೆ ತೊಟ್ಟ ಮುಖವೇ ಜನರಿಗೆ ಹೆಚ್ಚು ಸಮರ್ಥವಾಗಿ ಕಂಡಿತು. ಚಿತ್ರವನ್ನು ಬರೀ 129 ಮಿಲಿಸೆಕೆಂಡ್ ತೋರಿಸಿದಾಗಲೂ ಹಾಗೆಯೇ. ಬಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿದರೂ ತೀರ್ಪು ಬದಲಾಗಲಿಲ್ಲ. ಇದು ಬಡವರ ಮಕ್ಕಳಿಗೆ ಆಗುವ ಅನ್ಯಾಯವೇ ಸರಿ. ಅಭ್ಯರ್ಥಿಗೆ ಹೇಳುವ ಬುದ್ಧಿಮಾತಿನಲ್ಲಿ ಅರ್ಧವನ್ನಾದರೂ ಮೇಜಿನ ಆಚೆ ಕುಳಿತವರಿಗೂ ಹೇಳಬೇಕು.

ಸಾಲ ಮಾಡಿ ಸೂಟ್ ಹೊಲಿಸುವುದು ಮಾತ್ರ ಬೇಡ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯಲ್ಲಿ ಪದವೀಧರರಿಗೆ ಸಿಗುವುದು ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ನ್ಯೂಯಾರ್ಕ್‌ನ ರಿವರ್‌ಸೈಡ್ ಗ್ರಂಥಾಲಯ 2018ರಲ್ಲಿ ಪುಸ್ತಕದ ಹಾಗೆಯೇ ಟೈ, ಬ್ರೀಫ್‌ಕೇಸ್, ಕೈಚೀಲಗಳನ್ನು ಇಂಟರ್‌ವ್ಯೂಗೆ ಹೋಗುವವರಿಗೆ ಎರವಲು ಕೊಡತೊಡಗಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಪ್ರಥಮ ದರ್ಜೆ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಕ್ಕೆ ಇದು ಆಗದ ಕೆಲಸವಲ್ಲ. ಒಂದು ಬೀರು, ನಾಲ್ಕಾರು ಅಳತೆಯ ಅಂಗಿ, ಒಂದೆರಡು ಬ್ಲೇಜರ್, ಒಂದು ಇಸ್ತ್ರಿಪೆಟ್ಟಿಗೆ ಇದ್ದರೆ ಸಾಕು. ಕೆಲಸ ಸಿಕ್ಕಿರುವ ಹಳೆಯ ವಿದ್ಯಾರ್ಥಿಗಳು ತಲಾ ಒಂದು ಅಂಗಿ ಕೊಟ್ಟರೆ ಈ ವರ್ಷವೇ ಶುರುಮಾಡಬಹುದು.