ಲೇಹ್‌ನಲ್ಲಿ ತಲೆನೋವು, ಜೇಬಿನಲ್ಲಿ ಸ್ಟಿರಾಯ್ಡ್

ಬೆಂಗಳೂರಿನ ಎತ್ತರ ಸುಮಾರು 920 ಮೀಟರ್, ಲೇಹ್‌ನದು 3,500. ಬೆಳಗ್ಗೆ ಇಲ್ಲಿ ವಿಮಾನ ಹತ್ತಿದವರು ದೆಹಲಿ ದಾಟಿ ಅಲ್ಲಿಳಿದರೆ, ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಸಂಜೆಗೆ ತಲೆನೋವು, ವಾಕರಿಕೆ, ಸುಸ್ತು. ಮೇಲೇರದೆ ವಿಶ್ರಾಂತಿ ಪಡೆದರೆ ಬಹುಮಂದಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕೆಲವರಿಗೆ ಮಾತ್ರ ಮೆದುಳು ಊದಿಕೊಳ್ಳುತ್ತದೆ.

ಅದನ್ನು ಗುರುತಿಸಲು ಯಂತ್ರ ಬೇಕಿಲ್ಲ. ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೆಟ್ಟಗೆ ಹತ್ತು ಹೆಜ್ಜೆ ನಡೆಯಲು ಹೇಳಿ. ಕುಡಿದವರಂತೆ ತೂರಾಡಿದರೆ ತಡಮಾಡುವಂತಿಲ್ಲ. ವೈದ್ಯರು ಆಮ್ಲಜನಕದ ಜೊತೆಗೆ ಡೆಕ್ಸಾಮೆಥಸೋನ್ ಎಂಬ ಸ್ಟಿರಾಯ್ಡ್ ಕೊಡುತ್ತಾರೆ: ವಯಸ್ಕರಿಗೆ ಮೊದಲು 8 ಮಿಲಿಗ್ರಾಂ, ಬಳಿಕ ಆರು ಗಂಟೆಗೊಮ್ಮೆ 4. ಊತ ತಗ್ಗುತ್ತದೆ, ಆದರೆ ದೇಹ ಎತ್ತರಕ್ಕೆ ಒಗ್ಗಿರುವುದಿಲ್ಲ. ಹುಷಾರಾಯಿತೆಂದು ಮಾತ್ರೆ ನಿಲ್ಲಿಸಿ ಮತ್ತೆ ಮೇಲೇರಿದರೆ ಕಾಯಿಲೆ ಮರಳಬಹುದು.

ಉಬ್ಬಸಕ್ಕೋ ಸಂಧಿವಾತಕ್ಕೋ ದಿನವೂ ಪ್ರೆಡ್ನಿಸೊಲೋನ್ ನುಂಗುವವರು, ‘ನಾನು ಸ್ಟಿರಾಯ್ಡ್ ಮೇಲೇ ಇದ್ದೀನಲ್ಲ, ನನಗೇನಾಗುತ್ತೆ?’ ಎನ್ನಬಹುದು. ಲೆಕ್ಕ ಹಾಕಿ: 5 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಸುಮಾರು 0.75 ಮಿಲಿಗ್ರಾಂ ಡೆಕ್ಸಾಗೆ ಸಮ. ಮೆದುಳಿನ ಊತಕ್ಕೆ ಅದು ಎಲ್ಲಿಗೂ ಸಾಲದು.

ಇನ್ನೊಂದು ಅಪಾಯ ಒಳಗೇ ಇದೆ. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿಗಳು ಕಷ್ಟಕಾಲದಲ್ಲಿ ಕಾರ್ಟಿಸೋಲ್ ಹೆಚ್ಚಿಸಿ ರಕ್ತದೊತ್ತಡ ಕುಸಿಯದಂತೆ ನೋಡಿಕೊಳ್ಳುತ್ತವೆ. ವಾರಗಟ್ಟಲೆ ಹೊರಗಿನ ಸ್ಟಿರಾಯ್ಡ್ ಬಂದರೆ ಅವು ಕೆಲಸ ಮರೆಯುತ್ತವೆ. ಲೇಹ್‌ನಲ್ಲಿ ಬೆಳಗಿನ ಮಾತ್ರೆ ವಾಂತಿಯಲ್ಲಿ ಹೋಯಿತೆನ್ನಿ. ದೇಹಕ್ಕೆ ಹೆಚ್ಚು ಬೇಕಾದ ಹೊತ್ತಿಗೇ ಕೈ ಬರಿದು. ಆಗಲೂ ಕಾಣುವುದು ವಾಂತಿ, ನಿತ್ರಾಣ, ಮಂಕು. ಜೊತೆಗಿದ್ದವರು ‘ಎತ್ತರದ ತಲೆಸುತ್ತು, ಮಲಗಲಿ’ ಎಂದು ಹೊದಿಕೆ ಹೊದಿಸಿದರೆ ಜೀವಕ್ಕೇ ಕುತ್ತು. ಆಗ ಬೇಕಿರುವುದು ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್, ಸಾಮಾನ್ಯವಾಗಿ 100 ಮಿಲಿಗ್ರಾಂ, ಮತ್ತು ಆಸ್ಪತ್ರೆ.

ಹಾಗಾಗಿ ಹೊರಡುವ ಮೊದಲೇ, ಜ್ವರ ವಾಂತಿ ಬಂದರೆ ಡೋಸ್ ಎಷ್ಟು ಏರಿಸಬೇಕೆಂದು ವೈದ್ಯರಿಂದ ಬರೆಸಿಕೊಳ್ಳಿ. ಮಾತ್ರೆ ಕೈಚೀಲದಲ್ಲಿರಲಿ, ಸಂಗಡಿಗರಿಗೆ ವಿಷಯ ಗೊತ್ತಿರಲಿ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು. ಆದರೆ ಲೇಹ್‌ನಿಂದ ಶ್ರೀನಗರಕ್ಕೆ ಹೋಗುವ ರಸ್ತೆಯೂ ನಡುವೆ 4,100 ಮೀಟರಿನ ಫೋಟು ಲಾ ಘಾಟಿ ಹತ್ತಿಯೇ ಇಳಿಯುತ್ತದೆ. ಲೇಹ್‌ನಲ್ಲಿ ಕಾರು ಹುಡುಕುವ ಮುನ್ನ ಆಮ್ಲಜನಕ ಹುಡುಕಬೇಕು.