ಪೆಟ್ಟಿಗೆ ತುಂಬಿತು, ಬ್ಯಾಟರಿ ಸತ್ತಿತು!

ಅರಕಲಗೂಡು ಕಡೆಯ ಬಟ್ಟೆ ವ್ಯಾಪಾರಿಯೊಬ್ಬರು ಮೊನ್ನೆ ಲಗೇಜ್ ಆಟೋದಲ್ಲಿ ಯು.ಪಿ.ಎಸ್. ಬ್ಯಾಟರಿಯೊಂದನ್ನು ಹೇರಿಕೊಂಡು ಹಾಸನಕ್ಕೆ ಬಂದಿದ್ದರು. ಬಿ.ಎಂ. ರಸ್ತೆಯ ಬ್ಯಾಟರಿ ಅಂಗಡಿ ಮುಂದೆ ಇಳಿಸಿ, "ಅಣ್ಣಾ, ಇದು ಕೈಕೊಟ್ಬುಡ್ತು, ವಸಿ ನೋಡಿ" ಅಂದರು. ಅಂಗಡಿಯವರು ಮೀಟರ್ ಹಿಡಿದರು. 10 ವೋಲ್ಟೂ ದಾಟಲಿಲ್ಲ.

"ಏನ್ ಹಾಕಿದ್ರಿ ಇದಕ್ಕೆ?"

"ಏನೂ ಇಲ್ಲ ಕಣಣ್ಣ. ಸಂತೆಗೆ ತಗೊಂಡೋಗೋ ಆ ಪವರ್ ಸ್ಟೇಷನ್ ಪೆಟ್ಟಿಗೆ ಚಾರ್ಜ್ ಮಾಡ್ಕತಿದ್ದೆ, ಅಷ್ಟೇಯ."

ಅಂಗಡಿಯವರು ಮಾತಾಡದೆ ಬ್ಯಾಟರಿಯನ್ನು ತಕ್ಕಡಿ ಕಡೆ ತಳ್ಳಿದರು. ಗುಜರಿ ತೂಕಕ್ಕೆ!

ಇದು ಒಬ್ಬರ ಕಥೆಯಲ್ಲ, ಅದಕ್ಕೇ ಬರೆಯುತ್ತಿದ್ದೇವೆ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ನಾಡು ನಮ್ಮದು. ಆದರೂ ಮಲೆನಾಡಿನ ಮಗ್ಗುಲಲ್ಲಿ ಒಂದು ಜೋರು ಮಳೆ ಬಿದ್ದು, ತಂತಿ ಮೇಲೆ ಒಂದು ಮರ ಒರಗಿದರೆ ಸಂಜೆ ವ್ಯಾಪಾರ ಕತ್ತಲಪಾಲು. ಕೆ.ಇ.ಬಿ. ಹೋಗಿ ಸೆಸ್ಕ್ ಬಂದಿದೆ. ಜನರ ಬಾಯಲ್ಲಿ ಇನ್ನೂ ಕೆ.ಇ.ಬಿ.ಯೇ, ಇರಲಿ. ಹಿಂದೆ ಸಂತೆಯಲ್ಲಿ ಪೆಟ್ರೋಮ್ಯಾಕ್ಸ್ ಬುಸುಗುಡುತ್ತಿತ್ತು. ಈಗ ಆ ಜಾಗಕ್ಕೆ ಹಿಡಿ ಇರುವ ಲಿಥಿಯಂ ಪೆಟ್ಟಿಗೆ ಬಂದಿದೆ. ಎರಡು ಎಲ್.ಇ.ಡಿ. ಬಲ್ಬು, ಎಲೆಕ್ಟ್ರಾನಿಕ್ ತಕ್ಕಡಿ, ಫೋನು, ದುಡ್ಡು ಬಂತೆಂದು ಕೂಗುವ ಡಬ್ಬಿ, ಎಲ್ಲ ಸೇರಿ 40 ವ್ಯಾಟ್ ಆದೀತು. 500 ವ್ಯಾಟ್-ಅವರ್ ಪೆಟ್ಟಿಗೆ ಇದನ್ನು ಹತ್ತು ಗಂಟೆ ಎಳೆಯುತ್ತದೆ. ವಸ್ತುವಿನಲ್ಲಿ ದೋಷವಿಲ್ಲ.

ಪೆಟ್ಟಿಗೆ ಖಾಲಿಯಾದಾಗ ಕರೆಂಟೂ ಇಲ್ಲದಿದ್ದರೆ ಏನು ಮಾಡುವುದು? ಮನೆಯಲ್ಲಿರುವ ಬ್ಯಾಟರಿಯಿಂದ ತುಂಬಿಸಿಕೊಳ್ಳೋಣ ಎನ್ನುವುದು ಸಹಜ. ಮಾಡಬಹುದು, ತಪ್ಪಲ್ಲ. ಎಡವಟ್ಟಾಗುವುದು ಲೆಕ್ಕದಲ್ಲಿ.

ಬ್ಯಾಟರಿ ಮೇಲೆ 12 ವೋಲ್ಟ್, 150 ಎ.ಎಚ್. ಎಂದು ಬರೆದಿರುತ್ತದೆ. ಗುಣಿಸಿದರೆ 1800 ವ್ಯಾಟ್-ಅವರ್. "ಹಂಗಾದ್ರೆ ಪೆಟ್ಟಿಗೆನ ಮೂರೂವರೆ ಸಲ ತುಂಬಬೋದಲ್ಲ!" ಎನ್ನುತ್ತಾರೆ ನಮ್ಮ ವ್ಯಾಪಾರಿಗಳು. ನಿಲ್ಲಿ ಸ್ವಾಮಿ. ಆ 150 ಎನ್ನುವುದು ಹೊಸ ಬ್ಯಾಟರಿಯಲ್ಲಿ, 20 ಗಂಟೆ ನಿಧಾನವಾಗಿ ಎಳೆದಾಗ ಸಿಗುವ ಅಳತೆ. ಅದರಲ್ಲೂ ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಬೇಗ ಮುಗಿಯುತ್ತದೆ. ಅಂದಮೇಲೆ ನಿಮ್ಮ ಪಾಲಿಗೆ ಬರುವುದು 900. ಪೆಟ್ಟಿಗೆ ತುಂಬುವಾಗ ದಾರಿಯಲ್ಲಿ ಶೇ. 10ರಿಂದ 15 ಬಿಸಿಯಾಗಿ ಹೋಗುತ್ತದೆ. ಉಳಿದದ್ದು ಸುಮಾರು 780. ಮೂರೂವರೆ ಎಲ್ಲಿ, ಒಂದೂವರೆ ಎಲ್ಲಿ! ನಾಲ್ಕೈದು ವರ್ಷ ಸವೆದ ಬ್ಯಾಟರಿಯಾದರೆ ಅದೂ ಇಲ್ಲ.

ಪೆಟ್ಟಿಗೆಗೆ ಈ ಅರ್ಧದ ಗೊಡವೆ ಇಲ್ಲ. ತನ್ನೊಳಗಿನ ಲಿಥಿಯಂ ಸೆಲ್ಲುಗಳನ್ನು ಅದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತದೆ. ಆದರೆ ಎದುರಿನ ಬ್ಯಾಟರಿ ನಿಮ್ಮದು, ಅದು ಸತ್ತರೆ ಪೆಟ್ಟಿಗೆಗೇನು? ಅನೇಕ ಪೆಟ್ಟಿಗೆಗಳು 11 ವೋಲ್ಟ್‌ವರೆಗೂ ಹೀರುತ್ತಲೇ ಇರುತ್ತವೆ. ಅಷ್ಟು ಹೊತ್ತಿಗೆ ಸೀಸದ ಬ್ಯಾಟರಿ ಹೆಚ್ಚುಕಡಿಮೆ ಬರಿದು. ಅರಕಲಗೂಡಿನವರು ರಾತ್ರಿ ಹಾಕಿ ಮಲಗುತ್ತಿದ್ದರು. ಬೆಳಿಗ್ಗೆ ಪೆಟ್ಟಿಗೆ ತುಂಬಿರುತ್ತಿತ್ತು, ಖುಷಿ. ಬರಿದಾದ ಬ್ಯಾಟರಿ ಮಾತ್ರ ಮತ್ತೆ ಚಾರ್ಜ್ ಕಾಣದೆ ದಿನಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಹಾಗೆ ಬಿದ್ದಷ್ಟೂ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿ ಕಟ್ಟುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಬಿಟ್ಟರೂ ಅಷ್ಟೇ, ದೇವರಿಗೆ ಹರಕೆ ಹೊತ್ತರೂ ಅಷ್ಟೇ.

ಉಪಾಯ ದೊಡ್ಡದೇನಲ್ಲ. ಬ್ಯಾಟರಿ ಟರ್ಮಿನಲ್‌ಗೆ ಒಂದು ಪುಟ್ಟ ಡಿಜಿಟಲ್ ವೋಲ್ಟ್ ಮೀಟರ್ ಸಿಕ್ಕಿಸಿ. ಚಾರ್ಜ್ ಆಗುತ್ತಿರುವಾಗ 12ಕ್ಕೆ ಇಳಿಯಿತೋ, ಕೀಳಿ. ಎದ್ದು ನೋಡಲು ಆಗದವರಿಗೆ ತಾನಾಗಿ ಕಡಿದುಕೊಳ್ಳುವ ಕಟ್-ಆಫ್ ಸಾಮಾನೂ ಸಿಗುತ್ತದೆ. ಕರೆಂಟು ಬಂದ ಕೂಡಲೇ ಮೊದಲು ಬ್ಯಾಟರಿಗೆ ಊಟ, ಆಮೇಲೆ ಪೆಟ್ಟಿಗೆಗೆ.

ಇನ್ನು ಕೆಲವರು ಯು.ಪಿ.ಎಸ್. ಪ್ಲಗ್ಗಿಗೇ ಪೆಟ್ಟಿಗೆಯ ಚಾರ್ಜರ್ ಚುಚ್ಚುತ್ತಾರೆ. 12 ವೋಲ್ಟನ್ನು 230 ಮಾಡಿ, ಮತ್ತೆ ಕೆಳಗಿಳಿಸಿ ತುಂಬುವ ವೈಭವ! ನೂರಕ್ಕೆ 25-30 ಪಾಲು ಗಾಳಿಗೆ. ಇದಕ್ಕಿಂತ ಪೆಟ್ಟಿಗೆಯ ಡಿ.ಸಿ. ತೂತಿಗೆ ನೇರ ಕೊಡುವುದೇ ವಾಸಿ.

ನೇರ ಕೊಡುವಾಗಲೂ ವೈರಿನ ಮೇಲೆ ಕಣ್ಣಿರಲಿ. ಹೊಳೆನರಸೀಪುರದ ಅಂಗಡಿಯವರೊಬ್ಬರು ಬಸ್ಸಿನಲ್ಲಿ ಪಕ್ಕ ಕೂತು, "ಬ್ಯಾಟರಿ ಫುಲ್ ಐತೆ ಸಾರ್, ಪೆಟ್ಟಿಗೆ ಮಾತ್ರ ಒಂದ್ ನಿಮಿಷ ತಗೊಂಡು ನಿಂತ್ಕೊತದೆ. ಮೋಸದ ಮಾಲು" ಎಂದು ದೂರಿದರು. ವಿಚಾರಿಸಿದರೆ, ಹಿತ್ತಲಿನ ಬ್ಯಾಟರಿಯಿಂದ ಅಂಗಡಿಗೆ 10 ಮೀಟರ್ ಸಣ್ಣ ಲೈಟಿನ ವೈರು ಎಳೆದಿದ್ದಾರೆ. 1 ಎಂ.ಎಂ. ವೈರು 5 ಮೀಟರಿಗೇ, ಹೋಗಿ ಬರುವಷ್ಟರಲ್ಲಿ, 8 ಆಂಪಿಯರಿಗೆ ಒಂದೂವರೆ ವೋಲ್ಟ್ ನುಂಗುತ್ತದೆ. ಹತ್ತಕ್ಕೆ ಎರಡರಷ್ಟು. ಪೆಟ್ಟಿಗೆ ಪಾಪ ಏನು ಮಾಡೀತು? ದಪ್ಪ ವೈರು ಹಾಕಿ. ಅದಕ್ಕಿಂತ ಒಳ್ಳೆಯದು, ಪೆಟ್ಟಿಗೆಯನ್ನೇ ಬ್ಯಾಟರಿ ಪಕ್ಕ ಇಡುವುದು. ಬ್ಯಾಟರಿಯ ಪ್ಲಸ್ ಹತ್ತಿರವೇ 15 ಆಂಪಿಯರ್ ಫ್ಯೂಸ್ ಕಡ್ಡಾಯ. ಸೀಸದ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಉಗುಳುತ್ತದೆ, ಬಟ್ಟೆ ಅಂಗಡಿಗೆ ಒಂದು ಕಿಡಿ ಸಾಕು. ಎರಡು ಬ್ಯಾಟರಿ ಸರಣಿಯಲ್ಲಿ ಕಟ್ಟಿ 24 ವೋಲ್ಟ್ ಕೊಡುವ ಆಸೆಯಿದ್ದರೆ ಪೆಟ್ಟಿಗೆ ಮೇಲೆ ಬರೆದ ಇನ್‌ಪುಟ್ ಮಿತಿ ಓದಿ. ಚಾರ್ಜಾದ ಜೋಡಿ 25ರ ಮೇಲೆ ಇರುತ್ತದೆ. ಮಿತಿ ದಾಟಿದರೆ ಪೆಟ್ಟಿಗೆಯೇ ಸುಡುತ್ತದೆ.

ಚನ್ನರಾಯಪಟ್ಟಣದವರ ಪಾಡು ಬೇರೆ. ಅಲ್ಲಿ ವ್ಯಾನಿನ ಸಿಗರೇಟ್ ಲೈಟರ್ ತೂತಿನಿಂದ ತುಂಬುವವರಿದ್ದಾರೆ. ಅದರಲ್ಲಿ ಬರುವುದೇ 100 ವ್ಯಾಟ್ ಸುಮಾರು. ಹಾಸನಕ್ಕೆ ಹೋಗಿ ಬರುವುದರಲ್ಲಿ ಮೂರು-ನಾಲ್ಕು ಗಂಟೆ ದೀಪಕ್ಕೆ ಆಗುವಷ್ಟು ಸಿಕ್ಕೀತು, ಸಂತೋಷ. ಆದರೆ ಎಂಜಿನ್ ಆಫ್ ಮಾಡಿ ಪ್ಲಗ್ ಕೀಳದೆ ಮಲಗಿದರೆ? ಕೆಲವು ಗಾಡಿಗಳಲ್ಲಿ ಕೀ ತೆಗೆದರೂ ಆ ತೂತು ಜೀವಂತ. 35 ಎ.ಎಚ್. ಬ್ಯಾಟರಿಯ ಅರ್ಧ ಎರಡೇ ಗಂಟೆಗೆ ಮಾಯ. ಬೆಳಿಗ್ಗೆ ಹಾಲು ತರಲು ಹೊರಟ ವ್ಯಾನನ್ನು ನಾಲ್ಕು ಜನ ತಳ್ಳಬೇಕು.

ಒಬ್ಬ ಮಹಾಶಯರು, ಪೆಟ್ಟಿಗೆಯ ಔಟ್‌ಪುಟ್ಟನ್ನು ಅದರ ಇನ್‌ಪುಟ್ಟಿಗೇ ಕೊಟ್ಟರೆ ಹೇಗೆ ಎಂದು ಕೇಳಿದರು. ತಮ್ಮ ಜೇಬಿನ ದುಡ್ಡನ್ನು ಇನ್ನೊಂದು ಜೇಬಿಗೆ ಹಾಕಿ, ಪ್ರತಿ ಸಲ ಕಮಿಷನ್ ಕಟ್ಟಿದಂತೆ ಸ್ವಾಮಿ!

ಅರಕಲಗೂಡಿನವರು ಕೊನೆಗೆ ಹಳೆಯದನ್ನು ಗುಜರಿಗೆ ಕೊಟ್ಟು, ಮೇಲೆ ಹತ್ತು ಸಾವಿರ ದಾಟಿದ ದುಡ್ಡು ಎಣಿಸಿ ಹೊಸ ಬ್ಯಾಟರಿ ಹೇರಿಸಿದರು. ರಾಮನಾಥಪುರದ ಷಷ್ಠಿ ಜಾತ್ರೆಗೆ ಅಂಗಡಿ ಹಾಕಬೇಕಂತೆ. ವೋಲ್ಟ್ ಮೀಟರನ್ನೂ ತಗೊಂಡು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು. "ಇಷ್ಟುದ್ದದ್ದು ಮೊದ್ಲೇ ಇದ್ದಿದ್ರೆ..." ಅಂದವರು ತಟ್ಟನೆ ಅಂಗಡಿಯವರ ಕಡೆ ತಿರುಗಿ, "ಇದ್ಕೂ ಜಿ.ಎಸ್.ಟಿ. ಹಾಕ್ಬುಟ್ಟಿದ್ದೀರಾ ಅಣ್ಣ?" ಅಂದರು.